ಮೊದಲು ಡಯಲ್ ಇಡಿ, ಆಮೇಲೆ ಬೋಲ್ಟ್ ಬಿಗಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಸಣ್ಣ ವರ್ಕ್‌ಶಾಪ್ ನಡೆಸೋರಲ್ಲಿ ಹೊಸದಾಗಿ ಸಿಎನ್‌ಸಿ ಮಿಲ್ಲಿಂಗ್ ಮಷಿನ್, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕತ್ತರಿಸೋ ವಿಎಂಸಿ, ತಂದಿರೋರಿಗೆ ಈ ಮಾತು. ಸಾಲದ ಕಂತು ಶುರುವಾಗಿರುತ್ತೆ, ಬೇಗ ಜಾಬ್ ಹತ್ತಿಸಬೇಕು ಅನ್ನೋ ಆತುರ ಸಹಜ. ಜಾಬ್ ಹಿಡಿಯೋ ವೈಸು, ಜಾಬನ್ನ ತಿರುಗಿಸೋ ನಾಲ್ಕನೇ ಆಕ್ಸಿಸ್ಸು, ಜಾಬನ್ನ ಮುಟ್ಟಿ ಅಳೆಯೋ ಪ್ರೋಬು ಎಲ್ಲಾನೂ ಒಟ್ಟಿಗೆ ತರಿಸಿ ಕೂರಿಸಿಬಿಡ್ತೀರಿ. ನಾನು ಹೇಳೋದು ಒಂದೇ: ಏನೇ ಕೂರಿಸಿ, ಮೊದಲು ಡಯಲ್, ಅಂದ್ರೆ ಕೂದಲೆಳೆಯಷ್ಟು ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸೋ ಡಯಲ್ ಗೇಜ್, ಇಟ್ಟು ನೋಡಿ, ಆಮೇಲೆ ಬೋಲ್ಟ್ ಬಿಗಿಯಿರಿ. ಬಿಗಿದ ಮೇಲೆ ಮತ್ತೊಂದು ಸಲ ಡಯಲ್ ಇಡಿ.

ಅದಕ್ಕೂ ಮುಂಚೆ ಮಷಿನ್ ಮಟ್ಟವಾಗಿ ನಿಂತಿರಬೇಕು. ಗಾರೆ ಕೆಲಸದ ರಸಮಟ್ಟ ಇಲ್ಲಿ ನಡೆಯಲ್ಲ. ಮೀಟರಿಗೆ 0.02 ಮಿಲಿಮೀಟರ್ ತೋರಿಸೋ ಲೆವೆಲ್ ಬೇಕು. ಟೇಬಲ್ ನಡುವೆ ಎಡಬಲದ ಎಕ್ಸ್ ದಿಕ್ಕಿಗೊಂದು, ಹಿಂದುಮುಂದಿನ ವೈ ದಿಕ್ಕಿಗೊಂದು ಇಟ್ಟು ಕಾಲಿನ ಬೋಲ್ಟ್ ತಿರುಗಿಸಿ. ಎಲ್ಲಾ ಕಾಲಿಗೂ ಭಾರ ಬಿದ್ದಿರಬೇಕು, ಒಂದೂ ತೇಲಬಾರದು. ನಮ್ಮ ಕಡೆ ಬಹಳ ಜಾಗದಲ್ಲಿ ಎರೆಭೂಮಿ. ಮಳೆಗಾಲದಲ್ಲಿ ನೆಲ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ. ಹಾಗಾಗಿ ಕೂರಿಸಿ ಒಂದು ತಿಂಗಳಾದ ಮೇಲೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಲೆವೆಲ್ ನೋಡಲೇಬೇಕು.

ಇನ್ನು ವೈಸ್. ಟೇಬಲ್ ಒರೆಸಿ, ವೈಸಿನ ತಳ ಒರೆಸಿ, ಎರಡರ ಮೇಲೂ ನಯವಾದ ಎಣ್ಣೆಕಲ್ಲು ಹಗುರವಾಗಿ ಆಡಿಸಿ. ಬರ್, ಅಂದ್ರೆ ಎದ್ದು ನಿಂತ ಲೋಹದ ಮುಳ್ಳು, ಇದ್ರೆ ಕೈಗೆ ಗೊತ್ತಾಗುತ್ತೆ. ಮತ್ತೆ ಒರೆಸಿ, ಅಂಗೈಯಿಂದ ಸವರಿ ನೋಡಿ. ವೈಸ್ ಇಟ್ಟ ಮೇಲೆ ಒಂದು ಕಡೆ ಬೋಲ್ಟ್ ಸ್ವಲ್ಪ ಬಿಗಿ, ಇನ್ನೊಂದು ಕಡೆ ಸಡಿಲ. ಡಯಲನ್ನ ಕಟರ್ ಹಿಡಿದು ತಿರುಗೋ ಸ್ಪಿಂಡಲ್ಲಿಗೆ ಹಿಡಿಸಿ, ಮುಳ್ಳನ್ನ ಕದಲದ ದವಡೆಗೆ ತಾಗಿಸಿ, ಎಕ್ಸ್‌ನಲ್ಲಿ 150 ಮಿಲಿಮೀಟರ್ ಓಡಿಸಿ. ನೈಲಾನ್ ಸುತ್ತಿಗೆಯಲ್ಲಿ ತಟ್ಟುತ್ತಾ ಮುಳ್ಳಿನ ಏರಿಳಿತವನ್ನ 0.01 ಮಿಲಿಮೀಟರ್ ಒಳಗೆ ತನ್ನಿ. ಆಮೇಲೆ ಪೂರ್ತಿ ಬಿಗಿಯಿರಿ. ಬಿಗಿಯೋವಾಗ ವೈಸ್ ಜರುಗುತ್ತೆ, ಅದಕ್ಕೇ ಮತ್ತೆ ಓಡಿಸಿ ಅಂತ ಹೇಳೋದು. ದವಡೆ ಆದ ಮೇಲೆ ವೈಸಿನ ಹಾಸನ್ನೂ, ಅಂದ್ರೆ ದವಡೆಗಳ ನಡುವಿನ ಸಮತಟ್ಟು ಭಾಗವನ್ನೂ, ಡಯಲ್‌ನಲ್ಲಿ ನೋಡಿ. ಈ ಎರಡನೇದನ್ನ ಮಾಡೋರು ಕಡಿಮೆ.

ಅದನ್ನ ಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಈ ಭಾಗದ ಒಂದು ವರ್ಕ್‌ಶಾಪಿನ ಸಂಗತಿ ಕೇಳಿ. ಹೊಸ ವಿಎಂಸಿ, ಹೊಸ ಆರಿಂಚಿನ ವೈಸ್. ಜಾಬ್ ಅಂದ್ರೆ 360 ಮಿಲಿಮೀಟರ್ ಉದ್ದದ ಪ್ಲೇಟು, ಮೇಲ್ಮೈ ಕತ್ತರಿಸಿ ಸಮ ಮಾಡಿ ರಂಧ್ರ ಹಾಕೋದು. ಮೊದಲ ಪೀಸ್ ಇಳಿಸಿ ಮೈಕ್ರೋಮೀಟರ್ ಹಿಡಿದ್ರೆ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು, ವ್ಯತ್ಯಾಸ 0.12. ಪ್ರೋಗ್ರಾಂ ನೋಡಿದ್ರು, ಸರಿ ಇತ್ತು. ಕಟರ್ ಬದಲಾಯಿಸಿದ್ರು, ಮತ್ತೆ 0.12. ಜಾಬ್ ಕೆಳಗೆ ಇಡೋ ಪ್ಯಾರಲಲ್ ಬ್ಲಾಕ್ ಬದಲಾಯಿಸಿದ್ರು, ಮತ್ತೆ ಅದೇ. ಆಪರೇಟರ್ ಹುಡುಗನಿಗೆ ಬೈಗುಳ ಆಯ್ತು. ಕೊನೆಗೆ ಮಷಿನ್ನೇ ಸರಿ ಇಲ್ಲ, ಸ್ಪಿಂಡಲ್ ವಾಲಿದೆ ಅಂತ ತೀರ್ಮಾನಿಸಿ ಬೆಂಗಳೂರಿನಿಂದ ಸರ್ವೀಸ್ ಎಂಜಿನಿಯರನ್ನ ಕರೆಸಿದ್ರು. ಆತ ಪ್ರೋಗ್ರಾಂ ಮುಟ್ಟಲಿಲ್ಲ. ಖಾಲಿ ಟೇಬಲ್ ಮೇಲೆ ಡಯಲ್ ಓಡಿಸಿದ, ಮುಳ್ಳು ಅಲ್ಲಾಡಲಿಲ್ಲ. ವೈಸಿನ ಹಾಸಿನ ಮೇಲೆ ಓಡಿಸಿದ, 150 ಮಿಲಿಮೀಟರಿಗೆ 0.05 ಏರಿತು. ವೈಸ್ ಬಿಚ್ಚಿ ಎತ್ತಿದ್ರೆ ಅಂಚಿನಲ್ಲಿ ಚಪ್ಪಟೆಯಾಗಿ ಕೂತ ಒಂದು ಲೋಹದ ಚಿಪ್ಸ್ ಚೂರು, ಕಾಗದಕ್ಕಿಂತ ತೆಳು. ಲೆಕ್ಕ ನೀವೇ ಹಾಕಿ: 150ಕ್ಕೆ 0.05 ಅಂದ್ರೆ 360ಕ್ಕೆ ಸರಿಯಾಗಿ 0.12. ಮಷಿನ್ ಹೇಳಿದ ಹಾಗೆ ನೆಟ್ಟಗೆ ಕತ್ತರಿಸಿತ್ತು, ಜಾಬ್ ಸೊಟ್ಟಗೆ ಕೂತಿತ್ತು. ಐದು ನಿಮಿಷದ ಡಯಲ್ ಕೆಲಸ ತಪ್ಪಿಸಿದ್ದಕ್ಕೆ ಮಷಿನ್ ನಿಂತಿತು, ಪೀಸುಗಳು ಗುಜರಿಗೆ ಹೋದವು, ಸರ್ವೀಸ್ ಬಿಲ್ಲೂ ಬಂತು. ತಪ್ಪೇ ಇಲ್ಲದ ಹುಡುಗ ಬೈಸಿಕೊಂಡ, ನನಗೆ ಅದು ಎಲ್ಲಕ್ಕಿಂತ ಬೇಸರದ ವಿಷಯ.

ಸಮಯ ಕಡಿಮೆ ಇದೆ, ಉಳಿದದ್ದನ್ನ ಬೇಗ ಹೇಳ್ತೀನಿ.

ಟೇಬಲ್ಲಿನ ಟಿ ಆಕಾರದ ಸ್ಲಾಟಿನಲ್ಲಿ ಕೂರೋ ಟಿ-ನಟ್‌ನಲ್ಲಿ ಸ್ಟಡ್ ಬೋಲ್ಟ್ ಆಚೆ ಬದಿಗೆ ಹೊರಗೆ ಬರಬಾರದು. ಬಂದ್ರೆ ಬಿಗಿಯೋವಾಗ ಸ್ಟಡ್ ಸ್ಲಾಟಿನ ತಳಕ್ಕೆ ಒತ್ತಿ, ನಟ್ಟನ್ನ ಜಾಕ್ ಥರ ಮೇಲಕ್ಕೆತ್ತಿ ಟೇಬಲ್ಲಿನ ಬೀಡುಕಬ್ಬಿಣವನ್ನೇ ಒಡೆಯುತ್ತೆ. ಒಳ್ಳೆ ಟಿ-ನಟ್‌ನಲ್ಲಿ ಕೊನೆಯ ಥ್ರೆಡ್ ಮುಚ್ಚಿರೋದು ಅದಕ್ಕೇ. ಅದನ್ನ ಟ್ಯಾಪ್ ಹಾಕಿ ತೆರೆಯಬೇಡಿ.

ನಾಲ್ಕನೇ ಆಕ್ಸಿಸ್ ಕೂರಿಸೋವಾಗ ಅದರ ಚಕ್‌ಗೆ ನೆಟ್ಟಗಿರೋ ಟೆಸ್ಟ್ ಬಾರ್ ಹಿಡಿಸಿ. ಮೇಲಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ ಡಯಲ್ ಓಡಿಸಿ. ಜಾಬಿನ ಇನ್ನೊಂದು ತುದಿಗೆ ಆಸರೆ ಕೊಡೋ ಟೇಲ್‌ಸ್ಟಾಕಿಗೂ ಹಾಗೇ. ಒಂದೇ ದಿಕ್ಕಿನಲ್ಲಿ ನೋಡಿ ಬಿಡೋರು ಬಹಳ ಜನ, ಆಮೇಲೆ ಉದ್ದದ ಶಾಫ್ಟ್ ಹಾಕಿದಾಗ ಟೇಪರ್ ಬಂತು, ಒಂದು ತುದಿ ದಪ್ಪ ಇನ್ನೊಂದು ತೆಳು ಆಯ್ತು ಅಂತಾರೆ. ಕೇಬಲ್ ಹಾಕಿದ ಮೇಲೆ ಎಕ್ಸ್, ವೈ ಎರಡನ್ನೂ ಈ ಕೊನೆಯಿಂದ ಆ ಕೊನೆಯವರೆಗೆ ಗುಂಡಿ ಒತ್ತಿ ನಿಧಾನವಾಗಿ ಓಡಿಸಿ (ಜಾಗ್ ಮಾಡಿ), ಕೇಬಲ್ ಎಲ್ಲೂ ಸಿಕ್ಕಿಕೊಳ್ಳಬಾರದು.

ಪ್ರೋಬಿಗೂ ಡಯಲ್ಲೇ ಬೇಕು. ಅದರ ತುದಿಯ ಪುಟ್ಟ ಗೋಲಿಗೆ ಡಯಲ್ ಮುಳ್ಳನ್ನ ಹಗುರವಾಗಿ ತಾಗಿಸಿ, ಸ್ಪಿಂಡಲ್ ಕೈಯಲ್ಲಿ ತಿರುಗಿಸಿ, 0.01ರ ಒಳಗೆ ಸೆಂಟರ್ ಮಾಡಿ. ಆಮೇಲೆ ರಿಂಗ್ ಗೇಜಿನಲ್ಲಿ, ಅಂದ್ರೆ ಅಳತೆ ಗೊತ್ತಿರೋ ಉಂಗುರದಲ್ಲಿ, ಕ್ಯಾಲಿಬ್ರೇಟ್ ಮಾಡಿ. ಸ್ಟೈಲಸ್, ಅಂದ್ರೆ ಆ ಗೋಲಿ ಇರೋ ಕಡ್ಡಿ, ಬದಲಾಯಿಸಿದಾಗಲೆಲ್ಲ ಇದು ಮೊದಲಿನಿಂದ.

ಟೂಲ್ ಹೋಲ್ಡರ್ ಕೊಳ್ಳೋವಾಗ ಪುಲ್ ಸ್ಟಡ್, ಅಂದ್ರೆ ಸ್ಪಿಂಡಲ್ ಹಿಡಿದೆಳೆಯೋ ಅದರ ತಲೆಯ ಮೊಳೆ, ನೋಡಿ ತಗೊಳ್ಳಿ. ಬಿಟಿ-40 ಅಳತೆಯ ಹೋಲ್ಡರಿಗೆ 45 ಡಿಗ್ರಿಯದೂ ಬರುತ್ತೆ, 60 ಡಿಗ್ರಿಯದೂ ಬರುತ್ತೆ. ನಿಮ್ಮ ಮಷಿನ್ನಿಗೆ ಯಾವುದು ಅನ್ನೋದು ಮ್ಯಾನುಯಲ್‌ನಲ್ಲಿದೆ. ಬೇರೆಯದು ಹಾಕಿದ್ರೆ ಹಿಡಿತ ಸರಿಯಾಗಿ ಕೂರಲ್ಲ, ಓಡೋ ಸ್ಪಿಂಡಲ್ಲಿನಿಂದ ಟೂಲ್ ಬೀಳಬಹುದು.

ಕೂಲೆಂಟಿಗೆ ಬೋರ್‌ವೆಲ್ಲಿನ ಗಡಸು ನೀರು ಬೇಡ, ಎಣ್ಣೆ ಒಡೆದು ಮೇಲೆ ಕೆನೆಗಟ್ಟುತ್ತೆ. ಆರ್‌ಓ ನೀರು ತುಂಬಿಸಿ, ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರು ಹಾಕಬೇಡಿ. ಸಾಮಾನ್ಯ ಕೆಲಸಕ್ಕೆ ನೂರಕ್ಕೆ 5ರಿಂದ 8 ಭಾಗ ಸಾಕು, ರಿಫ್ರ್ಯಾಕ್ಟೋಮೀಟರ್‌ನಲ್ಲಿ ಅಳೆಯಿರಿ.

ಕೊನೆಯದು ಕಂಟ್ರೋಲರ್ ವಿಷಯ. ಯಾವ ಹೊಸ ಸಾಧನಕ್ಕಾಗಿ ಪ್ಯಾರಾಮೀಟರ್, ಅಂದ್ರೆ ಕಂಟ್ರೋಲರಿನ ಒಳಗಿನ ಸೆಟ್ಟಿಂಗ್, ಮುಟ್ಟಿದ್ರೂ, ಮುಟ್ಟೋ ಮೊದಲು ಪೂರ್ತಿ ಬ್ಯಾಕಪ್ ಮೆಮೊರಿ ಕಾರ್ಡಿಗೆ ತಗೊಂಡು ಕಾರ್ಡನ್ನ ಬೀರುವಿನಲ್ಲಿಡಿ. ಫ್ಯಾನುಕ್ ಕಂಪನಿಯ ಕಂಟ್ರೋಲ್ ಇದ್ರೆ ಬ್ಯಾಟರಿ ಎಚ್ಚರಿಕೆ ಬಂದಾಗ ಮಷಿನ್ ಪವರ್ ಆನ್ ಇಟ್ಟೇ ಬ್ಯಾಟರಿ ಬದಲಾಯಿಸಿ. ಆಫ್ ಮಾಡಿ ಆಕ್ಸಿಸ್ ಬ್ಯಾಟರಿ ಬಿಚ್ಚಿದ್ರೆ ಆಕ್ಸಿಸ್ಸುಗಳು ತಮ್ಮ ಸೊನ್ನೆ ಜಾಗ ಮರೆಯುತ್ತವೆ, ಮತ್ತೆ ರೆಫರೆನ್ಸ್ ಹೊಂದಿಸಬೇಕಾಗುತ್ತೆ. ಹೊಂದಿಸಿದ ಮೇಲೆ ವೈಸ್, ಫಿಕ್ಸ್‌ಚರ್ ಎಲ್ಲದರ ಆಫ್‌ಸೆಟ್ಟನ್ನೂ, ಅಂದ್ರೆ ಮಷಿನ್ ಸೊನ್ನೆಯಿಂದ ಅವು ಎಷ್ಟು ದೂರ ಅನ್ನೋದನ್ನೂ, ಡಯಲ್ ಇಟ್ಟು ಹೊಸದಾಗಿ ತೆಗೆಯಿರಿ.

ನಮಸ್ಕಾರ.