ರಾತ್ರಿ ಎರಡು ಗಂಟೆಗೆ ಎದ್ದು ಬರೆದವರು

ಕೇಳುಗರಿಗೆ ನಮಸ್ಕಾರ.

ರಾತ್ರಿ ಎರಡು ಗಂಟೆ ಅಂದರೆ ಹೇಗಿರುತ್ತೆ ಅಂತ ನಿಮ್ಮಲ್ಲಿ ಎಷ್ಟೋ ಜನರಿಗೆ ನಾನು ಹೇಳಬೇಕಾಗಿಲ್ಲ. ತ್ರೀ ಫೇಸ್ ಕರೆಂಟ್ ಬಂತು ಅಂತ ಎದ್ದು, ಟಾರ್ಚ್ ಹಿಡಿದು ಪಂಪ್‌ಸೆಟ್ ಹಾಕಲು ಹೋಗುವವರಿದ್ದೀರಿ. ನೈಟ್ ಶಿಫ್ಟ್ ಮಾಡುವವರಿದ್ದೀರಿ. ಅದೇ ಹೊತ್ತಿಗೆ ಎದ್ದು ಕಥೆ ಬರೆಯುತ್ತಿದ್ದ ಒಬ್ಬ ಹೆಣ್ಣುಮಗಳ ವಿಷಯ ಇವತ್ತು ಹೇಳುತ್ತೇನೆ. ಹೆಸರು ಆಕ್ಟೇವಿಯಾ ಬಟ್ಲರ್. ಅಮೆರಿಕದ ಕ್ಯಾಲಿಫೋರ್ನಿಯಾದವರು, ಕಪ್ಪು ಜನಾಂಗದವರು. ಬರೆದದ್ದು ವೈಜ್ಞಾನಿಕ ಕಥೆ, ಕಾದಂಬರಿ.

ಕಥಾ ಕಮ್ಮಟಗಳಿಗೆ ಹೋದಾಗಲೆಲ್ಲ ಹುಡುಗರು ನನ್ನನ್ನು ಎರಡೇ ಪ್ರಶ್ನೆ ಕೇಳುತ್ತಾರೆ. ‘ಸಾರ್, ಯಾವ ಸ್ಪರ್ಧೆಗೆ ಕಳಿಸಲಿ?’ ‘ಸಾರ್, ಸ್ಫೂರ್ತಿನೇ ಬರ್ತಿಲ್ಲ, ಏನು ಮಾಡಲಿ?’ ಎರಡಕ್ಕೂ ನನ್ನ ಉತ್ತರ ಒಂದೇ. ದಿನಾ ಕೂತು ಬರೆಯಿರಿ. ಬಟ್ಲರ್ ಕೂಡ ಹೊಸಬರಿಗೆ ಇದನ್ನೇ ಹೇಳುತ್ತಿದ್ದರು. ಸ್ಫೂರ್ತಿಯನ್ನು ಮರೆತುಬಿಡಿ, ರೂಢಿಯನ್ನು ನಂಬಿ ಅಂತ.

ಅವರು ಹುಟ್ಟಿದ್ದು 1947ರಲ್ಲಿ, ಪ್ಯಾಸಡೀನಾ ಊರಲ್ಲಿ. ಅಪ್ಪ ಶೂ ಪಾಲಿಶ್ ಮಾಡುತ್ತಿದ್ದರು, ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಅಮ್ಮ ಬಿಳಿಯರ ಮನೆಗಳಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಹಿಂಬಾಗಿಲಿಂದ ಒಳಗೆ ಹೋಗಬೇಕು, ಹಿಂಬಾಗಿಲಿಂದ ಹೊರಗೆ ಬರಬೇಕು. ಹುಡುಗಿಗೆ ಡಿಸ್ಲೆಕ್ಸಿಯಾ ಇತ್ತು, ಅಂದರೆ ಅಕ್ಷರ ಕೂಡಿಸಿ ಓದುವುದೇ ಕಷ್ಟ. ಅಂಥವಳು ಹತ್ತು ವರ್ಷಕ್ಕೆ ಅಮ್ಮನನ್ನು ಕಾಡಿ ಬೇಡಿ ಒಂದು ರೆಮಿಂಗ್ಟನ್ ಟೈಪ್‌ರೈಟರ್ ಕೊಡಿಸಿಕೊಂಡಳು. ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕಥೆ ಬರೆದಳು.

ದೊಡ್ಡವರಾದ ಮೇಲೆ ಮಾಡಿದ ಕೆಲಸಗಳನ್ನು ಕೇಳಿ. ಫೋನ್ ಮಾಡಿ ಸಾಮಾನು ಮಾರುವುದು. ಪಾತ್ರೆ ತೊಳೆಯುವುದು. ಫ್ಯಾಕ್ಟರಿಯಲ್ಲಿ ಆಲೂಗಡ್ಡೆ ಚಿಪ್ಸ್ ಸರಿಯಾಗಿದೆಯಾ ಅಂತ ನೋಡುವುದು. ಕೈಗೆ ಕೆಲಸ ಇದ್ದರೆ ಸಾಕು, ತಲೆ ಕಥೆಗೆ ಉಳಿಯಬೇಕು. ಅದಕ್ಕೇ ಇಂಥ ಕೆಲಸ ಹಿಡಿದರು. ರಾತ್ರಿ ಎರಡಕ್ಕೆ ಎದ್ದು ಬರೆದು, ಆಮೇಲೆ ಡ್ಯೂಟಿಗೆ ಹೋಗುತ್ತಿದ್ದರು. 1970ರಲ್ಲಿ ಒಂದು ಕಮ್ಮಟಕ್ಕೆ ಹೋದಾಗ ಎರಡು ಕಥೆ ಮಾರಾಟವಾದವು. ಆಮೇಲೆ ಐದು ವರ್ಷ? ಒಂದೂ ಇಲ್ಲ. ಆದರೂ ಎರಡು ಗಂಟೆಗೆ ಏಳುವುದನ್ನು ಬಿಡಲಿಲ್ಲ. ಮೊದಲ ಕಾದಂಬರಿ ಬಂದದ್ದು 1976ರಲ್ಲಿ.

ಈಗ ನನಗೆ ತುಂಬಾ ಇಷ್ಟವಾದ ಪ್ರಸಂಗ. ಇದನ್ನು ಪೂರ್ತಿ ಹೇಳಲೇಬೇಕು.

1980ರ ದಶಕದ ಶುರು. ಅವರ ಆಪ್ತ ಗೆಳತಿಗೆ ಕ್ಯಾನ್ಸರ್. ಮೂಳೆಯೊಳಗಿನ ಮಜ್ಜೆಗೆ ಬರುವಂಥದ್ದು, ನೋವು ಜಾಸ್ತಿ. ಬಟ್ಲರ್ ಪ್ರತಿ ಶನಿವಾರ ನೋಡಲು ಹೋಗುತ್ತಿದ್ದರು. ಕಾರು ಓಡಿಸಲು ಬರುತ್ತಿರಲಿಲ್ಲ, ಸಿಟಿ ಬಸ್ಸೇ ಗತಿ. ಬರಿಗೈಲಿ ಹೋಗುತ್ತಿರಲಿಲ್ಲ. ಆಗ ಬರೆಯುತ್ತಿದ್ದ ಕಾದಂಬರಿಯ ಹೊಸ ಅಧ್ಯಾಯ ಕೈಯಲ್ಲಿರುತ್ತಿತ್ತು. ಆ ಕಾದಂಬರಿಯಲ್ಲೂ ರೋಗ, ಸಾವು. ಕಾಯಿಲೆಯವರಿಗೆ ಕೊಡುವಂಥದ್ದೇ ಅಲ್ಲ. ಆದರೆ ಗೆಳತಿ ಬಿಡಲಿಲ್ಲ. ಇವರು ಬರೆದದ್ದನ್ನೆಲ್ಲ ಓದಿದವರು, ಇದನ್ನೂ ಓದಬೇಕು ಅಂತ ಹಟ. ಪುಸ್ತಕ ಮುಗಿಯುವವರೆಗೆ ಗೆಳತಿ ಇರುವುದಿಲ್ಲ ಅಂತ ಇಬ್ಬರಿಗೂ ಒಳಗೊಳಗೇ ಗೊತ್ತಿತ್ತು. ಅದನ್ನು ಮಾತ್ರ ಇಬ್ಬರೂ ಆಡಲಿಲ್ಲ.

ಒಂದು ಶನಿವಾರ ಬಸ್ಸು ತುಂಬಿದೆ. ಬೆವರಿನ ವಾಸನೆ. ಬಟ್ಲರ್‌ಗೆ ಕಾಲ್ಬೆರಳಿನ ಉಗುರು ಒಳಕ್ಕೆ ಬೆಳೆದು ನೋಯುತ್ತಿತ್ತು. ಯಾರಾದರೂ ತುಳಿದುಬಿಟ್ಟಾರು ಅಂತ ಕಾಲು ಮುದುರಿಕೊಂಡು ಕೂತಿದ್ದಾರೆ. ಎದುರಿಗೇ ಜಗಳ ಶುರುವಾಯಿತು. ಯಾಕೆ? ಒಬ್ಬ ತನ್ನ ಕಡೆ ನೋಡಿದ ರೀತಿ ಇನ್ನೊಬ್ಬನಿಗೆ ಹಿಡಿಸಲಿಲ್ಲ, ಅಷ್ಟೇ. ಹೊಡೆದಾಡಿ ರಕ್ತ ಬಂತು. ಮನಸ್ಸು ಮೊದಲೇ ಸೋತಿತ್ತು. ಮನುಷ್ಯ ಮುಷ್ಟಿ ಎತ್ತದೆ ಮಾತಾಡುವುದನ್ನು ಯಾವತ್ತು ಕಲಿಯುತ್ತಾನೋ ಅಂತ ಯೋಚಿಸುತ್ತಾ ಕೂತರು. ಹಾಗೆ ಕೂತಿದ್ದಾಗಲೇ ಒಂದು ಕಥೆಯ ಮೊದಲ ಸಾಲು ಹೊಳೆಯಿತು. ಒಂದು ರೋಗ ಬಂದು ಜನರ ಮಾತನ್ನೇ ಕಿತ್ತುಕೊಂಡಿರುತ್ತದೆ. ಕೆಲವರಿಗೆ ಓದು ಮರೆತುಹೋಗಿರುತ್ತದೆ. ಕಥೆ ಶುರುವಾಗುವುದೇ ಬಸ್ಸಿನಲ್ಲಿ, ಜಗಳದಿಂದ. ಹೆಸರು ‘ಸ್ಪೀಚ್ ಸೌಂಡ್ಸ್’.

ಗಮನಿಸಿದಿರಾ? ಆ ಬಸ್ಸಲ್ಲಿ ಇನ್ನೂ ಎಷ್ಟೋ ಜನ ಇದ್ದರು. ಜಗಳ ಎಲ್ಲರೂ ನೋಡಿದರು. ಕಥೆ ಹೊಳೆದದ್ದು ದಿನಾ ಬರೆಯುವವರಿಗೆ. ಇದನ್ನೇ ಸ್ಫೂರ್ತಿ ಅಂತ ಕರೆಯುವುದಾದರೆ ಕರೆಯಿರಿ, ನನ್ನದೇನೂ ತಕರಾರಿಲ್ಲ. ಆದರೆ ಅದು ಬಂದದ್ದು ಹತ್ತಾರು ವರ್ಷ ಎರಡು ಗಂಟೆಗೆ ಎದ್ದವರ ಹತ್ತಿರ.

ಆ ಕಥೆಗೆ 1984ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ವೈಜ್ಞಾನಿಕ ಕಥೆ ಓದುವವರೇ ಓಟು ಹಾಕಿ ಕೊಡುವ ಪ್ರಶಸ್ತಿ ಅದು. ಮರುವರ್ಷ ಇನ್ನೊಂದು ಕಥೆಗೆ ಮತ್ತೆ ಹ್ಯೂಗೋ. ಅದೇ ಕಥೆಗೆ ಬರಹಗಾರರು ಓಟು ಹಾಕಿ ಕೊಡುವ ನೆಬ್ಯುಲಾ ಕೂಡ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಬೇಗ ಬೇಗ ಹೇಳಿಬಿಡುತ್ತೇನೆ. 1995ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು, ಅಂದರೆ ಪ್ರತಿಭಾವಂತರಿಗೆ ಅಮೆರಿಕದಲ್ಲಿ ಕೊಡುವ ದೊಡ್ಡ ಧನಸಹಾಯ, 2,95,000 ಡಾಲರ್. ವೈಜ್ಞಾನಿಕ ಕಥೆ ಬರೆಯುವವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆ ದುಡ್ಡಲ್ಲಿ ತನಗೂ ಅಮ್ಮನಿಗೂ ಅಂತ ಮನೆ ಕೊಂಡರು. ಮುಂಬಾಗಿಲಿಂದ ಹೋಗುವ ಮನೆ. 2006ರಲ್ಲಿ ತೀರಿಕೊಂಡರು. 2021ರಲ್ಲಿ ನಾಸಾದ ಪರ್ಸಿವಿಯರೆನ್ಸ್ ಅನ್ನೋ ರೋವರ್ ಬಂಡಿ ಮಂಗಳನ ಮೇಲೆ ಇಳಿದ ಜಾಗಕ್ಕೆ ಇವರ ಹೆಸರಿಟ್ಟರು.

ಇನ್ನೊಂದೇ ಒಂದು. ಅವರ ಕಾಗದಪತ್ರಗಳೆಲ್ಲ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಲೈಬ್ರರಿಯಲ್ಲಿವೆ. ಅದರಲ್ಲಿ 1988ರ ಒಂದು ನೋಟ್‌ಬುಕ್ಕಿದೆ. ರಟ್ಟಿನ ಒಳಭಾಗದಲ್ಲಿ ತನಗೆ ತಾನೇ ಬರೆದುಕೊಂಡಿದ್ದಾರೆ: ನನ್ನ ಪುಸ್ತಕಗಳು ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿ ಸೇರುತ್ತವೆ, ಲಕ್ಷಾಂತರ ಜನ ಓದುತ್ತಾರೆ ಅಂತ. 1993ರಲ್ಲಿ ಬಂದ ಅವರ ಒಂದು ಕಾದಂಬರಿ ನ್ಯೂಯಾರ್ಕ್ ಟೈಮ್ಸ್‌ನ ಆ ಪಟ್ಟಿಗೆ 2020ರಲ್ಲಿ ಸೇರಿತು. ಅವರು ಹೋಗಿ ಆಗಲೇ 14 ವರ್ಷವಾಗಿತ್ತು.

ನಮಸ್ಕಾರ.