ಯಾರ ಓಟ ದೊಡ್ಡದು? ಅಮೆರಿಕನ್ ಫುಟ್‌ಬಾಲಿನ ಹಳೆಯ ರನ್ನಿಂಗ್ ಬ್ಯಾಕ್‌ಗಳು

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹಲವರ ಮಕ್ಕಳು ಅಮೆರಿಕದಲ್ಲಿದ್ದಾರೆ. ನವೆಂಬರಿನಲ್ಲಿ ಅಲ್ಲಿಗೆ ಹೋದವರು ಥ್ಯಾಂಕ್ಸ್‌ಗಿವಿಂಗ್ ದಿನ ಟಿವಿಯಲ್ಲಿ ಈ ಆಟ ನೋಡಿರುತ್ತೀರಿ. ಹೆಲ್ಮೆಟ್ ಹಾಕಿದವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಐದು ಸೆಕೆಂಡ್ ಆಟ, ಆಮೇಲೆ ಅರ್ಧ ನಿಮಿಷ ಎಲ್ಲರೂ ನಿಂತಿರುತ್ತಾರೆ. ಇದರಲ್ಲಿ ನೋಡುವಂಥದ್ದು ಏನಿದೆ ಅಂತ ಅನ್ನಿಸಿರಬಹುದು. ಇವತ್ತು ಆ ಗುಂಪಿನಲ್ಲಿ ಒಬ್ಬನನ್ನು ಮಾತ್ರ ನೋಡೋಣ. ಚೆಂಡನ್ನು ಎದೆಗೆ ಅವುಚಿಕೊಂಡು ಓಡುವವನು, ರನ್ನಿಂಗ್ ಬ್ಯಾಕ್.

ನಿಯಮ ಇಷ್ಟೇ. ಹತ್ತು ಯಾರ್ಡ್ ಮುಂದೆ ಹೋಗಲು ಒಂದು ತಂಡಕ್ಕೆ ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬಹುದು, ಅದಕ್ಕೆ ಪಾಸ್ ಅನ್ನುತ್ತಾರೆ, ಇಲ್ಲವೇ ಹಿಂದೆ ನಿಂತ ರನ್ನಿಂಗ್ ಬ್ಯಾಕ್ ಕೈಗೆ ಕೊಡಬಹುದು. ಕೊಟ್ಟಾಗ ಮುಂದಿನ ಸಾಲಿನ ಐದು ಜನ ಲೈನ್‌ಮನ್‌ಗಳು ಎದುರಾಳಿಗಳನ್ನು ಆಚೀಚೆ ತಳ್ಳಿ ಒಂದು ಸಂದಿ ಮಾಡಿಕೊಡುತ್ತಾರೆ. ಆ ಸಂದಿ ಕಣ್ಣು ಮಿಟುಕಿಸುವಷ್ಟು ಹೊತ್ತು ಇರುತ್ತೆ. ಅಷ್ಟರಲ್ಲಿ ನುಗ್ಗಬೇಕು. ಕಬಡ್ಡಿಯ ರೈಡರ್ ಹಾಗೆ ಇವನೂ ಹಿಡಿಯಲು ಕಾದಿರುವವರ ನಡುವೆ ಹೋಗುತ್ತಾನೆ. ಆದರೆ ಮುಟ್ಟಿ ವಾಪಸ್ ಬರುವ ದಾರಿ ಇವನಿಗಿಲ್ಲ. ಮುಂದೆ ಹೋಗಬೇಕು, ಬೀಳುವವರೆಗೂ.

ಇವರಲ್ಲಿ ಯಾರು ದೊಡ್ಡವರು? ಚೆಂಡು ಹಿಡಿದು ಓಡಿದ ಒಟ್ಟು ಯಾರ್ಡ್ ಲೆಕ್ಕದ ಪಟ್ಟಿಯಲ್ಲಿ ಮೊದಲು ಎಮಿಟ್ ಸ್ಮಿತ್, 18,355. ಎರಡನೆಯವರು ವಾಲ್ಟರ್ ಪೇಟನ್, 16,726. ಬ್ಯಾರಿ ಸ್ಯಾಂಡರ್ಸ್ 15,269. ಜಿಮ್ ಬ್ರೌನ್ 12,312, ಅಂದರೆ ಸಾಕಷ್ಟು ಕೆಳಗೆ. ಈ ಪಟ್ಟಿ ನೋಡಿ ಮಾತು ಮುಗಿಸುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಯಾರ ದೇಹ ಎಷ್ಟು ವರ್ಷ ತಡೆಯಿತು ಅನ್ನುವುದನ್ನು ಇದು ಚೆನ್ನಾಗಿ ಹೇಳುತ್ತೆ. ಯಾರು ಹೇಗೆ ಓಡಿದರು ಅನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ.

ಮೊದಲು ಪಂದ್ಯಗಳ ಸಂಖ್ಯೆ ನೋಡಿ. 1947ರಿಂದ 1960ರವರೆಗೆ ಎನ್‌ಎಫ್‌ಎಲ್‌ನಲ್ಲಿ, ಅಂದರೆ ಈ ಆಟದ ವೃತ್ತಿಪರ ಲೀಗಿನಲ್ಲಿ, ಒಂದು ಸೀಸನ್ನಿಗೆ 12 ಪಂದ್ಯ. 1961ರಿಂದ 14, 1978ರಿಂದ 16. ಈಗ 17. ಬ್ರೌನ್ ಆಡಿದ್ದು ಒಂಬತ್ತು ಸೀಸನ್, 118 ಪಂದ್ಯ. ಸ್ಮಿತ್ 15 ಸೀಸನ್, 226 ಪಂದ್ಯ. ಪಂದ್ಯಕ್ಕೆ ಎಷ್ಟು ಯಾರ್ಡ್ ಅಂತ ಕೇಳಿದರೆ ಪಟ್ಟಿ ಪೂರ್ತಿ ತಲೆಕೆಳಗಾಗುತ್ತೆ. ಬ್ರೌನ್ 104.3, ಸ್ಯಾಂಡರ್ಸ್ 99.8, ಪೇಟನ್ 88, ಸ್ಮಿತ್ 81.2.

ಪಟ್ಟಿಯಲ್ಲಿ ಬರಲು ಅವಕಾಶವೇ ಸಿಗದವರೂ ಇದ್ದಾರೆ. 1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಮಾಲೀಕರು ಬಾಗಿಲು ಹಾಕಿಕೊಂಡಿದ್ದರು. ಕೆನ್ನಿ ವಾಷಿಂಗ್ಟನ್ 1939ರಲ್ಲೇ ಕಾಲೇಜು ಫುಟ್‌ಬಾಲಿನ ದೊಡ್ಡ ತಾರೆ. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಅವರನ್ನು ಸೇರಿಸಿಕೊಂಡಿದ್ದು 1946ರಲ್ಲಿ. ಅಷ್ಟರಲ್ಲಿ ಅವರ ಮೊಣಕಾಲುಗಳು ಹಾಳಾಗಿದ್ದವು. ಆದರೂ 1947ರಲ್ಲಿ ಒಂದೇ ಓಟದಲ್ಲಿ 92 ಯಾರ್ಡ್ ಹೋದರು. ಆ ಏಳು ವರ್ಷ ಅವರಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಈಗ ಬ್ರೌನ್ ಬಗ್ಗೆ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ, 1957ರಿಂದ 1965. ಒಂಬತ್ತು ಸೀಸನ್ನಿನಲ್ಲಿ ಎಂಟು ಸಲ ಇಡೀ ಲೀಗಿನಲ್ಲಿ ಎಲ್ಲರಿಗಿಂತ ಜಾಸ್ತಿ ಓಡಿದವರು ಅವರೇ. ತಪ್ಪಿದ್ದು 1962ರಲ್ಲಿ ಮಾತ್ರ, ಗ್ರೀನ್ ಬೇ ತಂಡದ ಜಿಮ್ ಟೇಲರ್‌ಗೆ. ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಆಗಿನ ಎದುರಾಳಿಗಳು ಈಗಿನವರಷ್ಟು ದಪ್ಪ ಇರಲಿಲ್ಲ, ವೇಗವೂ ಕಡಿಮೆ, ಅದಕ್ಕೇ ಸಾಧ್ಯವಾಯಿತು ಅಂತ ಕೆಲವರು ಹೇಳುತ್ತಾರೆ. ಸರಿ, ಆದರೆ ಅದೇ ಎದುರಾಳಿಗಳ ಮುಂದೆ ಬೇರೆಯವರೂ ಓಡಿದರಲ್ವಾ? 1963ರಲ್ಲಿ ಬ್ರೌನ್ 14 ಪಂದ್ಯಗಳಲ್ಲಿ 1,863 ಯಾರ್ಡ್ ಓಡಿದರು. ಎರಡನೇ ಸ್ಥಾನದ ಟೇಲರ್ 1,018. ಟೇಲರ್ ಸಾಮಾನ್ಯ ಆಟಗಾರರಲ್ಲ, ಅವರೂ ಈ ಆಟದ ಶ್ರೇಷ್ಠರಿಗೆ ಸಿಗುವ ಗೌರವವಾದ ಹಾಲ್ ಆಫ್ ಫೇಮ್ ಸೇರಿದವರು. ಒಂದು ಆಟದ ಒಂದನೇ ಮತ್ತು ಎರಡನೇ ಸ್ಥಾನದ ನಡುವೆ ಇಷ್ಟು ಅಂತರ ಸುಮ್ನೆ ಬರುವುದಿಲ್ಲ.

ಅವರ ಒಂದು ಅಭ್ಯಾಸ ಹೇಳುತ್ತೇನೆ. ಪ್ರತಿ ಸಲ ಕೆಡವಿದಾಗಲೂ ಬ್ರೌನ್ ಬಹಳ ನಿಧಾನವಾಗಿ ಏಳುತ್ತಿದ್ದರು. ಕಾಲು ಎಳೆದುಕೊಂಡು, ದಣಿದವರ ಹಾಗೆ ವಾಪಸ್ ಹೋಗುತ್ತಿದ್ದರು. ನಿಜವಾಗಿ ಪೆಟ್ಟಾದಾಗಲೂ ಅದೇ ನಡಿಗೆ, ಆಗದಿದ್ದಾಗಲೂ ಅದೇ ನಡಿಗೆ. ಎದುರಾಳಿಗೆ ಏನೂ ಗೊತ್ತಾಗಬಾರದು. ಮುಂದಿನ ಸಲ ಚೆಂಡು ಕೈಗೆ ಬಂದಾಗ ಮತ್ತೆ ಅದೇ ಬಲ, ಅದೇ ವೇಗ. ಇದು ಪಂದ್ಯದ ಕೊನೆಯ ಭಾಗವಾದ ನಾಲ್ಕನೇ ಕ್ವಾರ್ಟರ್‌ನಲ್ಲಿ ಎದುರಿನವರ ಧೈರ್ಯ ಕೆಡಿಸುತ್ತಿತ್ತು.

1966ರಲ್ಲಿ ಅವರು ಇಂಗ್ಲೆಂಡಿನಲ್ಲಿ ಸಿನಿಮಾ ಶೂಟಿಂಗಿನಲ್ಲಿದ್ದರು. ಶೂಟಿಂಗ್ ತಡವಾಯಿತು. ತಂಡದ ಮಾಲೀಕರು ಕ್ಯಾಂಪಿಗೆ ಬರದಿದ್ದರೆ ದಂಡ ಹಾಕುತ್ತೇವೆ ಅಂದರು. ಬ್ರೌನ್ ಆಟವನ್ನೇ ಬಿಟ್ಟರು. ಆಗ ವಯಸ್ಸು 30. ಮರುವರ್ಷ ಮುಹಮ್ಮದ್ ಅಲಿ ಸೈನ್ಯಕ್ಕೆ ಸೇರಲು ಒಪ್ಪದಿದ್ದಾಗ ಕಪ್ಪು ಆಟಗಾರರನ್ನು ಕ್ಲೀವ್‌ಲ್ಯಾಂಡಿಗೆ ಕರೆಸಿ ಅಲಿ ಬೆನ್ನಿಗೆ ನಿಂತವರೂ ಅವರೇ. ಹೆಂಗಸರ ಮೇಲೆ ಕೈ ಮಾಡಿದ ಆರೋಪಗಳು ಅವರ ಮೇಲೆ ಹಲವು ಸಲ ಬಂದವು, ಅದನ್ನೂ ಹೇಳಲೇಬೇಕು. ಮೈದಾನದಲ್ಲಿ ದೊಡ್ಡವರಾದ ಮಾತ್ರಕ್ಕೆ ಎಲ್ಲದರಲ್ಲೂ ದೊಡ್ಡವರು ಅಂತ ನಾನು ಹೇಳುತ್ತಿಲ್ಲ.

ಗೇಲ್ ಸೇಯರ್ಸ್ ಬಗ್ಗೆ ಎರಡು ಮಾತು. ಶಿಕಾಗೋ ಬೇರ್ಸ್ ಪರ ಆಡಿದ್ದು 68 ಪಂದ್ಯ ಮಾತ್ರ. ಮೊದಲ ವರ್ಷವೇ, 1965ರ ಡಿಸೆಂಬರಿನಲ್ಲಿ, ಕೆಸರು ತುಂಬಿದ ಮೈದಾನದಲ್ಲಿ ಒಂದೇ ಪಂದ್ಯಕ್ಕೆ ಆರು ಟಚ್‌ಡೌನ್ ಮಾಡಿದರು, ಅಂದರೆ ಆರು ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರು. ಬೇರೆಯವರು ಜಾರಿ ಬೀಳುತ್ತಿದ್ದ ನೆಲದಲ್ಲಿ ಅವರು ಮಾತ್ರ ತಿರುಗಿ ತಿರುಗಿ ಓಡಿದರು. ಆಮೇಲೆ ಮೊಣಕಾಲುಗಳು ಹೋದವು. 34ನೇ ವಯಸ್ಸಿಗೇ ಹಾಲ್ ಆಫ್ ಫೇಮ್ ಸೇರಿದರು. ಒಟ್ಟು ಯಾರ್ಡ್ ಐದು ಸಾವಿರವೂ ದಾಟಿಲ್ಲ. ಪಟ್ಟಿ ನಂಬುವವರು ಇವರನ್ನು ಎಲ್ಲಿ ಇಡುತ್ತಾರೆ?

ಬ್ಯಾರಿ ಸ್ಯಾಂಡರ್ಸ್ ಡೆಟ್ರಾಯಿಟ್ ಲಯನ್ಸ್ ತಂಡದವರು. ಥ್ಯಾಂಕ್ಸ್‌ಗಿವಿಂಗ್ ದಿನ ಪ್ರತಿ ವರ್ಷ ತಪ್ಪದೆ ಆಡುವ ತಂಡ ಅದು. ಎತ್ತರ ಐದಡಿ ಎಂಟಿಂಚು. ಸಂದಿ ಸಿಗದಿದ್ದರೆ ಬೇರೆಯವರು ಮುಂದೆ ಬಿದ್ದು ಒಂದೆರಡು ಯಾರ್ಡ್ ಉಳಿಸಿಕೊಳ್ಳುತ್ತಾರೆ. ಬ್ಯಾರಿ ಹಾಗಲ್ಲ. ನಿಲ್ಲುತ್ತಿದ್ದರು, ಹಿಂದಕ್ಕೆ ತಿರುಗುತ್ತಿದ್ದರು, ಮೈದಾನದ ಇನ್ನೊಂದು ಬದಿಗೆ ಓಡುತ್ತಿದ್ದರು. ಹಿಡಿಯಲು ಬಂದವರ ಕೈಗೆ ಗಾಳಿ ಸಿಗುತ್ತಿತ್ತು. ಎಷ್ಟೋ ಸಲ ಇದರಿಂದ ನಷ್ಟವೂ ಆಗುತ್ತಿತ್ತು. 1994ರ ಕೊನೆಯ ದಿನ ಗ್ರೀನ್ ಬೇ ವಿರುದ್ಧದ ಪ್ಲೇಆಫ್, ಅಂದರೆ ಲೀಗ್ ಪಂದ್ಯಗಳಾದ ಮೇಲಿನ ನಾಕೌಟ್ ಪಂದ್ಯದಲ್ಲಿ 13 ಸಲ ಚೆಂಡು ಹಿಡಿದು ಓಡಿದರು. ಒಟ್ಟು ಗಳಿಕೆ ಮೈನಸ್ ಒಂದು ಯಾರ್ಡ್. ಇದೇ ಮನುಷ್ಯ 1997ರಲ್ಲಿ ಮೊದಲ ಎರಡು ಪಂದ್ಯ ಸೇರಿ 53 ಯಾರ್ಡ್ ಓಡಿ, ಮುಂದಿನ 14 ಪಂದ್ಯಗಳಲ್ಲಿ ಒಂದನ್ನೂ ಬಿಡದೆ ನೂರು ದಾಟಿ, ಸೀಸನ್ನಿಗೆ 2,053 ಮುಟ್ಟಿಸಿದರು.

ಟಚ್‌ಡೌನ್ ಆದ ಮೇಲೆ ಕುಣಿತ ಇಲ್ಲ. ಚೆಂಡನ್ನು ರೆಫರಿ ಕೈಗೆ ಕೊಟ್ಟು ಹೊರಟುಬಿಡುತ್ತಿದ್ದರು. ಆಟ ಬಿಟ್ಟಿದ್ದೂ ಹಾಗೇ. 1999ರ ಜುಲೈನಲ್ಲಿ ತಮ್ಮ ಊರು ವಿಚಿಟಾದ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿದರು, ಮುಗಿಯಿತು. ಒಟ್ಟು ಯಾರ್ಡ್ ದಾಖಲೆ ಆಗ ಪೇಟನ್ ಅವರದು, ಅದಕ್ಕೆ 1,457 ಯಾರ್ಡ್ ಬಾಕಿ ಇತ್ತು. ಇನ್ನೊಂದು ಸೀಸನ್ ಸಾಕಿತ್ತು. ಹತ್ತು ವರ್ಷದಲ್ಲಿ ಅವರ ತಂಡ ಗೆದ್ದಿದ್ದು ಒಂದೇ ಒಂದು ಪ್ಲೇಆಫ್ ಪಂದ್ಯ.

ಎಮಿಟ್ ಸ್ಮಿತ್ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಡಲ್ಲಾಸ್ ಕೌಬಾಯ್ಸ್ ತಂಡ, ಮೂರು ಸೂಪರ್ ಬೌಲ್ ಅಂದರೆ ಲೀಗಿನ ಫೈನಲ್ ಗೆಲುವು, ಮುಂದೆ ಸಂದಿ ಮಾಡಿಕೊಡಲು ಆ ಕಾಲದ ಅತ್ಯುತ್ತಮ ಲೈನ್. 'ಆ ಲೈನ್ ಹಿಂದೆ ಯಾರು ಬೇಕಾದರೂ ಓಡುತ್ತಿದ್ದರು' ಅನ್ನುವ ಮಾತು ನೀವು ಕೇಳಬಹುದು. ಇದು ಅನ್ಯಾಯದ ಮಾತು. 1993ರಲ್ಲಿ ಸಂಬಳದ ಜಗಳದಿಂದ ಅವರು ಮೊದಲ ಎರಡು ಪಂದ್ಯ ಆಡಲಿಲ್ಲ. ಅದೇ ಲೈನ್ ಇದ್ದ ಡಲ್ಲಾಸ್ ಎರಡನ್ನೂ ಸೋತಿತು. ಸ್ಮಿತ್ ವಾಪಸ್ ಬಂದರು, ಆ ವರ್ಷ ಸೂಪರ್ ಬೌಲ್ ಗೆದ್ದರು. ಅದೇ ಸೀಸನ್ನಿನ ಕೊನೆಯ ಲೀಗ್ ಪಂದ್ಯ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ. ಎರಡನೇ ಕ್ವಾರ್ಟರ್‌ನಲ್ಲಿ ಬಲ ಭುಜದ ಕೀಲು ಕಳಚಿತು. ಅವರು ಹೊರಗೆ ಕೂರಲಿಲ್ಲ. ಒಂದೇ ಕೈ ಸರಿಯಿದ್ದರೂ ಆಟ ಮುಂದುವರಿಸಿದರು. ಇಡೀ ಪಂದ್ಯದಲ್ಲಿ ಓಟ, ಕ್ಯಾಚ್ ಸೇರಿ 42 ಸಲ ಚೆಂಡು ಮುಟ್ಟಿದರು, 229 ಯಾರ್ಡ್ ತಂದರು. ಹೆಚ್ಚುವರಿ ಸಮಯದಲ್ಲಿ ತಂಡ 16-13ರಿಂದ ಗೆದ್ದಿತು. ದೇಹ ತಡೆದುಕೊಳ್ಳುವುದೂ ಒಂದು ವಿದ್ಯೆಯೇ. ಅದರಲ್ಲಿ ಇವರನ್ನು ಮೀರಿಸಿದವರಿಲ್ಲ.

ಆ ವಿದ್ಯೆಗೆ ಬೆಲೆ ಎಷ್ಟು ಅಂತ ತಿಳಿಯಲು ಅರ್ಲ್ ಕ್ಯಾಂಪ್‌ಬೆಲ್ ಅವರನ್ನು ನೋಡಿ. ಹ್ಯೂಸ್ಟನ್ ತಂಡದಲ್ಲಿ ಎದುರಿಗೆ ಬಂದವರನ್ನು ಗುದ್ದಿಕೊಂಡೇ ಓಡುತ್ತಿದ್ದರು. 1980ರಲ್ಲಿ 1,934 ಯಾರ್ಡ್. ಆಮೇಲಿನ ವರ್ಷಗಳಲ್ಲಿ ವಾಕರ್ ಇಲ್ಲದೆ, ಗಾಲಿಕುರ್ಚಿ ಇಲ್ಲದೆ ಓಡಾಡುವುದೇ ಕಷ್ಟವಾಯಿತು.

ಕೊನೆಗೆ ವಾಲ್ಟರ್ ಪೇಟನ್. ಮಿಸಿಸಿಪ್ಪಿಯ ಕೊಲಂಬಿಯಾ ಅನ್ನುವ ಸಣ್ಣ ಊರಿನವರು. ಬೇರ್ಸ್ ಸೇರಿದ 1975ರಲ್ಲಿ ಆ ತಂಡ 14ರಲ್ಲಿ ಹತ್ತು ಪಂದ್ಯ ಸೋತಿತು. 13 ಸೀಸನ್ನಿನಲ್ಲಿ ಅವರು ತಪ್ಪಿಸಿದ್ದು ಒಂದೇ ಪಂದ್ಯ, ಅದೂ ಮೊದಲ ವರ್ಷ. 1977ರ ನವೆಂಬರ್ 20ರಂದು ಮಿನ್ನೆಸೋಟ ವಿರುದ್ಧ ಪಂದ್ಯ. ಪೇಟನ್‌ಗೆ ಫ್ಲೂ ಜ್ವರ. 40 ಸಲ ಚೆಂಡು ಹಿಡಿದು ಓಡಿದರು, 275 ಯಾರ್ಡ್. ಬೇರ್ಸ್ ಗೆದ್ದಿದ್ದು 10-7ರಿಂದ. ಅವರಿಲ್ಲದಿದ್ದರೆ ಆ ಪಂದ್ಯ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಒಂದೇ ಪಂದ್ಯದಲ್ಲಿ ಓಡಿದ ಯಾರ್ಡ್‌ಗಳ ಆ ದಾಖಲೆ 2000ದವರೆಗೆ ಉಳಿಯಿತು. ಅಂಚಿಗೆ ಬಂದಾಗ ಗೆರೆಯಾಚೆ ಕಾಲಿಟ್ಟು ಪೆಟ್ಟು ತಪ್ಪಿಸಿಕೊಳ್ಳಬಹುದು, ತಪ್ಪೇನಿಲ್ಲ. ಪೇಟನ್ ತಿರುಗಿ ಎದುರಾಳಿಗೇ ಭುಜ ಕೊಡುತ್ತಿದ್ದರು. ಓಟ ಇಲ್ಲದಾಗ 492 ಪಾಸ್ ಹಿಡಿದರು. ಟಚ್‌ಡೌನ್ ಪಾಸ್‌ಗಳನ್ನೂ ಎಸೆದರು. ಬೇರೆಯವರು ಓಡುವಾಗ ಮುಂದೆ ಹೋಗಿ ಎದುರಾಳಿಗಳನ್ನು ತಡೆದರು, ಅಂದರೆ ಬ್ಲಾಕ್ ಮಾಡಿದರು. ಬ್ಲಾಕಿಗೆ ಯಾರ್ಡ್ ಬರೆದುಕೊಳ್ಳುವ ಅಂಕಣ ಯಾವ ಪಟ್ಟಿಯಲ್ಲೂ ಇಲ್ಲ.

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ಚೆಂಡು ಹಿಡಿದು ಓಡುವುದೊಂದನ್ನೇ ನೋಡಿದರೆ ಜಿಮ್ ಬ್ರೌನ್ ಮೇಲೆ ಯಾರೂ ಇಲ್ಲ. ಒಂದು ತಂಡ ಕಟ್ಟಲು ಒಬ್ಬರನ್ನು ಆರಿಸು ಅಂದರೆ ನಾನು ಎರಡು ಸಲ ಯೋಚಿಸದೆ ಪೇಟನ್ ಅನ್ನುತ್ತೇನೆ. ಕಣ್ಣಿಗೆ ಹಬ್ಬ ಬೇಕು ಅಂದರೆ ಬ್ಯಾರಿ. ಸ್ಮಿತ್ ನಾಲ್ಕನೆಯವರು, ಆದರೆ ಮೂರಕ್ಕೂ ನಾಲ್ಕಕ್ಕೂ ಅಂತರ ತೀರಾ ಕಡಿಮೆ.

ಒಂದು ಸೀಸನ್ನಿನ ದಾಖಲೆ ಎರಿಕ್ ಡಿಕರ್ಸನ್ ಅವರದು, 1984ರಲ್ಲಿ 2,105. ಅದಕ್ಕೂ ಮೊದಲು 1973ರಲ್ಲಿ ಓ. ಜೆ. ಸಿಂಪ್ಸನ್ 14 ಪಂದ್ಯಗಳಲ್ಲೇ 2,003 ಮಾಡಿದ್ದರು. 2024ರಲ್ಲಿ ಫಿಲಡೆಲ್ಫಿಯಾದ ಸಕ್ವಾನ್ ಬಾರ್ಕ್ಲಿ 16 ಪಂದ್ಯಗಳಿಗೆ 2,005 ತಲುಪಿದ್ದರು. ಇನ್ನೊಂದು ಪಂದ್ಯ ಬಾಕಿ, ದಾಖಲೆ ಮುರಿಯಲು ಬೇಕಿದ್ದದ್ದು 101 ಯಾರ್ಡ್. ಕೋಚ್ ಅವರನ್ನು ಆಡಿಸಲಿಲ್ಲ, ಪ್ಲೇಆಫ್‌ಗೆ ಅಂತ ವಿಶ್ರಾಂತಿ ಕೊಟ್ಟರು. ಅಭಿಮಾನಿಗಳಲ್ಲಿ ಕೆಲವರಿಗೆ ಬೇಜಾರಾಯಿತು. ಆ ತಂಡ ಸೂಪರ್ ಬೌಲ್ ಗೆದ್ದಿತು. ಕೋಚ್ ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ಒಪ್ಪದವರು ನಿಮ್ಮಲ್ಲೂ ಇರಬಹುದು, ಕೈ ಎತ್ತಿ, ಅಲ್ಲಿಂದಲೇ ಚರ್ಚೆ ಶುರು ಮಾಡೋಣ.