ಗಲ್ಲಾಪೆಟ್ಟಿಗೆಯ ದುಡ್ಡು ಯಾರದು?

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನ ಬಸವನಹಳ್ಳಿ ಕಡೆ ನನ್ನದೊಂದು ಕಾಫಿಪುಡಿ ಅಂಗಡಿ ಇದೆ. ಹುರಿಯುವ ಡ್ರಮ್ಮು ಒಂದು, ಪುಡಿ ಮಾಡುವ ಮಿಷನ್ನು ಒಂದು, ತಕ್ಕಡಿ ಒಂದು, ಕೆಲಸಕ್ಕೆ ಇಬ್ಬರು, ಜೊತೆಗೆ ನಾನು. ಇದಕ್ಕೆ ‘ಉದ್ಯಮ’ ಅನ್ನುವ ದೊಡ್ಡ ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ಅಂಗಡಿ ಶುರುವಾಗಿ ಎಷ್ಟೋ ವರ್ಷದ ಮೇಲೆ, ನೋಂದಣಿ ಕಾಗದ ಕೈಗೆ ಬಂದಾಗ.

ಈಚೆಗೆ ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ಅಂಗಡಿಗೆ ಬಂದಿದ್ದಳು. ಬಿ.ಕಾಂ. ಮುಗಿಸಿದ್ದಾಳೆ. ಅವಳ ಅಮ್ಮ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿಗೆ ನೆಂಟರಿಷ್ಟರಲ್ಲೆಲ್ಲ ಒಳ್ಳೆಯ ಹೆಸರು. “ಅಕ್ಕ, ಇದನ್ನೇ ದೊಡ್ಡದಾಗಿ ಮಾಡೋಣ ಅಂತಿದ್ದೀನಿ. ಎಷ್ಟು ಲೋನ್ ತೆಗೀಲಿ?” ಅಂದಳು. ಬಾಯಿ ತೆರೆದರೆ ಮೊದಲ ಮಾತೇ ಸಾಲ. ನಾನು ಉತ್ತರ ಕೊಡಲಿಲ್ಲ. ನಾನು ಮೊದಲ ವರ್ಷ ಹೇಗೆ ಮುಗ್ಗರಿಸಿದೆ ಅನ್ನುವುದನ್ನು ಹೇಳಿದೆ. ಸ್ವಲ್ಪ ನಾಚಿಕೆಯ ಕಥೆ, ಆದರೂ ನಿಮಗೂ ಹೇಳುತ್ತೇನೆ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಬೀಜದ ಬೆಲೆ ಕೆ.ಜಿ.ಗೆ 400 ರೂಪಾಯಿ ಅಂತಿಟ್ಟುಕೊಳ್ಳಿ. ಗ್ಯಾಸು, ಕರೆಂಟು, ಕವರು, ಕೂಲಿ ಎಲ್ಲ ಸೇರಿ 40. ಒಟ್ಟು 440 ಆಯಿತಲ್ಲ, 480ಕ್ಕೆ ಮಾರಿದರೆ ಕೆ.ಜಿ.ಗೆ 40 ರೂಪಾಯಿ ಉಳಿಯುತ್ತೆ ಅಂತ ನಾನು ಲೆಕ್ಕ ಹಾಕಿದ್ದೆ. ಬಾಡಿಗೆ ಕಳೆದರೂ ಪರವಾಗಿಲ್ಲ ಅನ್ನಿಸಿತ್ತು. ಅಂಗಡಿಯ ಮುಂದೆ ಜನವೂ ಇದ್ದರು. ಆದರೆ ಆರು ತಿಂಗಳಾದರೂ ಕೈಯಲ್ಲಿ ಕಾಸಿಲ್ಲ. ಬೀಜ ತರಲು ಹೊರಟಾಗಲೆಲ್ಲ ನೂರಿನ್ನೂರು ಕಡಿಮೆ ಬೀಳುತ್ತಿತ್ತು. ಕೆಲಸದವನು ಕದಿಯುತ್ತಿದ್ದಾನೇನೋ ಅಂತ ಒಂದು ದಿನ ಅನುಮಾನವೂ ಬಂತು. ಆ ಹುಡುಗನ ಮುಖ ನೆನೆದರೆ ಇವತ್ತಿಗೂ ಬೇಜಾರಾಗುತ್ತೆ.

ಕದಿಯುತ್ತಿದ್ದದ್ದು ಡ್ರಮ್ಮು. ಬೀಜ ಹುರಿಯುವಾಗ ಒಳಗಿನ ನೀರಿನಂಶ ಹಾರಿಹೋಗುತ್ತದೆ, ಸಿಪ್ಪೆ ಉದುರುತ್ತದೆ. ಹುರಿ ಎಷ್ಟು ಕಡು ಅನ್ನುವುದರ ಮೇಲೆ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ತೂಕ ಹೋಗುತ್ತದೆ. ಹತ್ತು ಕೆ.ಜಿ. ಬೀಜ ಹಾಕಿದರೆ ಕೆಳಗೆ ಬೀಳುವುದು ಎಂಟು ಕೆ.ಜಿ. ಇನ್ನೂರು ಗ್ರಾಂ ಅನ್ನಿ. ಈಗ 4,000 ರೂಪಾಯಿಯನ್ನು 8.2ರಿಂದ ಭಾಗಿಸಿ. ಒಂದು ಕೆ.ಜಿ. ಹುರಿದ ಬೀಜದ ಅಸಲೇ 488 ಆಯಿತು. ಇನ್ನು ಆ 40 ರೂಪಾಯಿ ಖರ್ಚು ಸೇರಿಸಿದರೆ 528. ನಾನು ಮಾರುತ್ತಿದ್ದದ್ದು 480ಕ್ಕೆ! “ನಿಮ್ಮ ಪುಡಿ ಅಂದ್ರೆ ಪುಡಿ ಕಣಮ್ಮ” ಅಂತ ಹೊಗಳಿ ಚಿಕೋರಿ ಬೇರಿನ ಪುಡಿ ಬೆರೆಸದ್ದನ್ನೇ ಒಯ್ಯುತ್ತಿದ್ದ ಗಿರಾಕಿಗಳಿದ್ದರಲ್ಲ, ಅವರೊಬ್ಬೊಬ್ಬರಿಗೂ ನಾನು ಕೆ.ಜಿ.ಗೆ ಸುಮಾರು ಐವತ್ತು ರೂಪಾಯಿ ಕೈಯಿಂದ ಹಾಕಿ ಕಳಿಸುತ್ತಿದ್ದೆ. ಅಂಗಡಿ ಬಾಗಿಲು ಮುಚ್ಚದಂತೆ ಕಾಪಾಡಿದ್ದು ಚಿಕೋರಿ. ಅದು ಅಗ್ಗ, ಹಾಗಾಗಿ ಮಿಶ್ರಣದ ಪುಡಿಯ ಲಾಭ ಶುದ್ಧ ಪುಡಿಯ ನಷ್ಟವನ್ನು ಮುಚ್ಚಿಡುತ್ತಿತ್ತು. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಯುವವರೆಗೂ ನನಗೆ ಕಾಣಲೇ ಇಲ್ಲ. ಅಂದಹಾಗೆ ಮಿಶ್ರಣದಲ್ಲಿ ನೂರಕ್ಕೆ ಕನಿಷ್ಠ 51 ಭಾಗ ಕಾಫಿ ಇರಲೇಬೇಕು, ಚಿಕೋರಿ ಎಷ್ಟು ಅಂತ ಪೊಟ್ಟಣದ ಮೇಲೆ ಬರೆಯಲೇಬೇಕು. ಇದು ಕಾನೂನು. ಬರೆಯದೆ ಮಾರುವವರನ್ನು ಕಂಡರೆ ನನಗೆ ಆಗುವುದಿಲ್ಲ, ಅದಿರಲಿ.

ಆಮೇಲೆ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿಸಿದೆ. ‘ನನ್ನ ಸಂಬಳ’ ಅಂತ. ನಮ್ಮ ಯಜಮಾನರು ಓದಿ ನಕ್ಕರು. “ನಿನ್ನ ಅಂಗಡಿಗೆ ನೀನೇ ಸಂಬಳಕ್ಕಿದೀಯಾ?” ಹೌದು, ಇದ್ದೀನಿ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಬೇರೆ ಕಡೆ ನಿಂತಿದ್ದರೆ ಯಾರಾದರೂ ಸಂಬಳ ಕೊಡುತ್ತಿದ್ದರಲ್ಲವೇ? ಅದನ್ನು ಖರ್ಚಿಗೆ ಹಾಕಿದ ಮೇಲೆ ಉಳಿದದ್ದು ಲಾಭ. ಅದಕ್ಕೂ ಮೊದಲು ಗಲ್ಲಾಪೆಟ್ಟಿಗೆಯಲ್ಲಿ ಕಾಣುವುದು ಬೀಜದವನ ದುಡ್ಡು, ಬಾಡಿಗೆಯವರ ದುಡ್ಡು, ಮುಂದಿನ ಸುಗ್ಗಿಯ ದುಡ್ಡು. ನಮ್ಮಲ್ಲಿ ಬಹಳ ಜನ ಅಂಗಡಿ ಮುಚ್ಚುವುದು ವ್ಯಾಪಾರ ಇಲ್ಲದೆ ಅಲ್ಲ. ಸಂಜೆ ಪೆಟ್ಟಿಗೆ ತೆರೆದಾಗ ಕಂಡದ್ದೆಲ್ಲ ತಮ್ಮದೇ ಅಂದುಕೊಂಡು ಮಗಳ ಫೀಸಿಗೆ, ಚೀಟಿಗೆ, ಮದುವೆಯ ಉಡುಗೊರೆಗೆ ಎತ್ತಿಕೊಂಡು. ಈಗಂತೂ ಪೆಟ್ಟಿಗೆಯೇ ಮೊಬೈಲಿನೊಳಗೆ ಹೋಗಿ ಕೂತಿದೆ. ಗಿರಾಕಿಯ ದುಡ್ಡು, ಚೀಟಿ ದುಡ್ಡು, ತಮ್ಮ ಕಳಿಸಿದ ದುಡ್ಡು ಎಲ್ಲ ಒಂದೇ ಖಾತೆಗೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸು ಬಂದಾಗ ಎಷ್ಟೋ ಜನ ಗಾಬರಿಯಾಗಿ ಕ್ಯೂಆರ್ ಕೋಡನ್ನೇ ಕಿತ್ತರು. ವ್ಯಾಪಾರದ ದುಡ್ಡು ಯಾವುದು, ಮನೆಯ ದುಡ್ಡು ಯಾವುದು ಅಂತ ತೋರಿಸಲು ಅವರಲ್ಲಿ ಬಹಳ ಮಂದಿಗೆ ದಾರಿಯೇ ಇರಲಿಲ್ಲ. ಅಂಗಡಿಗೆ ಬೇರೆ ಖಾತೆ, ಬೇರೆ ನಂಬರು. ಅರ್ಧ ದಿನದ ಕೆಲಸ.

ಇನ್ನು ಉದ್ರಿ. ‘ಇಂದು ನಗದು, ನಾಳೆ ಉದ್ರಿ’ ಅನ್ನುವ ಬೋರ್ಡು ನನಗೆ ಇಷ್ಟವಿಲ್ಲ. ತೋಟದ ಕೆಲಸದವರಿಗೆ ದುಡ್ಡು ಬರುವುದೇ ಬಟವಾಡೆಯ ದಿನ. ಅವರಿಗೆ ವಾರ ಪೂರ್ತಿ ಕಾಫಿ ಬೇಡವೇ? ನಮ್ಮತ್ತೆ ಕಿರಾಣಿ ಅಂಗಡಿ ನಡೆಸುತ್ತಿದ್ದಾಗ ಒಂದೇ ನಿಯಮ ಇಟ್ಟಿದ್ದರು: ಈ ಬಟವಾಡೆಗೆ ಹಳೆಯದು ತೀರಿದರೆ ಮಾತ್ರ ಹೊಸದು. ಕಾಲು ಕೆ.ಜಿ. ಪುಡಿ ಒಯ್ಯುವವರು ನನಗೆ ಇವತ್ತಿನವರೆಗೆ ದೊಡ್ಡ ಬಾಕಿ ಇಟ್ಟವರಲ್ಲ. ಇಟ್ಟಿದ್ದು ದೊಡ್ಡವರು. ಒಂದು ರೆಸಾರ್ಟು ತಿಂಗಳಿಗೆ ನಲವತ್ತು ಕೆ.ಜಿ. ತರಿಸುತ್ತಿತ್ತು. ನಾನೂ ಹೆಮ್ಮೆಯಿಂದ ಕಳಿಸುತ್ತಿದ್ದೆ. ನಾಲ್ಕು ತಿಂಗಳು ದುಡ್ಡೇ ಇಲ್ಲ. ಫೋನ್ ಮಾಡಿದರೆ “ಬೆಂಗಳೂರಿನ ಅಕೌಂಟ್ಸ್‌ನವರು ನೋಡ್ತಾರೆ ಮೇಡಂ.”

ಆಗ ಉಪಯೋಗಕ್ಕೆ ಬಂದದ್ದು ಆ ನೋಂದಣಿ ಕಾಗದ. ‘ಉದ್ಯಮ್’ ನೋಂದಣಿ 2020ರ ಜುಲೈನಿಂದ ಇದೆ. ಆಧಾರ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು, ಒಂದು ಪೈಸೆ ಶುಲ್ಕವಿಲ್ಲ. ದುಡ್ಡು ಕೇಳುವವರು ಮಧ್ಯವರ್ತಿಗಳು. 2006ರ ಸಣ್ಣ ಉದ್ದಿಮೆಗಳ ಕಾಯ್ದೆಯ ಪ್ರಕಾರ ಸಣ್ಣ ತಯಾರಕರಿಂದ ಮಾಲು ಕೊಂಡವರು ಕರಾರು ಪತ್ರ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರರಷ್ಟು ಚಕ್ರಬಡ್ಡಿ. ಬರೀ ಕೊಂಡು ಮಾರುವ ಅಂಗಡಿಯವರಿಗೆ ಈ ರಕ್ಷಣೆ ಸಿಗುವುದಿಲ್ಲ, ನೆನಪಿರಲಿ. ನಾವು ಹುರಿದು ಪುಡಿ ಮಾಡುತ್ತೇವೆ, ಹಾಗಾಗಿ ತಯಾರಕರು. 2024ರಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ. ಈ ಗಡುವು ಮೀರಿ ಬಾಕಿ ಇಟ್ಟರೆ, ಕೊಡುವವರೆಗೆ ಆ ಖರೀದಿಯನ್ನು ಕೊಂಡವರು ತಮ್ಮ ಖರ್ಚು ಅಂತ ತೋರಿಸುವ ಹಾಗಿಲ್ಲ. ನಾನು ಕೋರ್ಟು ಕಚೇರಿ ಅಂತ ಹೋಗಲಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರು, ಪಕ್ಕದಲ್ಲಿ ಕೊಡಬೇಕಾದ ತಾರೀಖು ಮುದ್ರಿಸಿದೆ. ಲೆಕ್ಕದ ವರ್ಷ ಮುಗಿಯುವ ಮಾರ್ಚ್ ಕೊನೆಯ ವಾರ ಬೆಂಗಳೂರಿನವರೇ ಫೋನ್ ಮಾಡಿದರು.

ಸಾಲದ ಮಾತಿಗೆ ಬರುತ್ತೇನೆ, ಹುಡುಗಿ ಕೇಳಿದ್ದು ಅದನ್ನೇ ಅಲ್ಲವೇ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ 2008ರಿಂದ ಇದೆ. ಹಳ್ಳಿಯಲ್ಲಿ ಶುರು ಮಾಡುವ ಹೆಣ್ಣುಮಕ್ಕಳಿಗೆ ಯೋಜನಾ ವೆಚ್ಚದ ಶೇ. 35ರಷ್ಟು ಸಬ್ಸಿಡಿ, ಕೈಯಿಂದ ಹಾಕಬೇಕಾದದ್ದು ಶೇ. 5. ಕೇಳಿದವರ ಕಣ್ಣು ಅರಳುವುದು ಇಲ್ಲೇ. ಆದರೆ ಆ ಸಬ್ಸಿಡಿ ಕೈಗೆ ಬರುವ ನೋಟಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿದ್ದು, ಉದ್ದಿಮೆ ನಡೆಯುತ್ತಿದ್ದರೆ ಸಾಲಕ್ಕೆ ವಜಾ ಆಗುತ್ತದೆ. ಅಷ್ಟರಲ್ಲಿ ಬಾಗಿಲು ಹಾಕಿದರೆ ಆ ಲೆಕ್ಕವೇ ಬೇರೆ. ಇನ್ನೊಂದು ತಪ್ಪು, ಸಾಲದ ದುಡ್ಡನ್ನೆಲ್ಲ ಮಿಷನ್ನಿಗೆ ಸುರಿಯುವುದು. ಫಳಫಳ ಹೊಳೆಯುವ ಸ್ಟೀಲು ಮಿಷನ್ನು ಬರುತ್ತದೆ, ಅದರೊಳಗೆ ಹಾಕಲು ಬೀಜಕ್ಕೆ ದುಡ್ಡಿರುವುದಿಲ್ಲ. ನಮ್ಮ ಅರೇಬಿಕಾ ಕೊಯ್ಲು ನವೆಂಬರಿನಿಂದ, ರೋಬಸ್ಟಾ ಜನವರಿಯ ನಂತರ. ಆಗ ಕೊಂಡದ್ದು ವರ್ಷಪೂರ್ತಿ ಹುರಿಯಬೇಕು. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು 2024ರಲ್ಲಿ, 2025ರ ಶುರುವಿನಲ್ಲಿ ದರ ಹಿಂದೆಂದೂ ಕಾಣದಷ್ಟು ಏರಿತು. ಬೆಳೆಗಾರರ ಮನೆಯಲ್ಲಿ ಹಬ್ಬ, ಪುಡಿ ಅಂಗಡಿಯವರ ಮನೆಯಲ್ಲಿ ನಿದ್ದೆಯಿಲ್ಲ. ಆ ವರ್ಷ ನನ್ನನ್ನು ಉಳಿಸಿದ್ದು ಕೊಳ್ಳದೆ ಬಿಟ್ಟಿದ್ದ ಇನ್ನೊಂದು ಮಿಷನ್ನು.

ಉಪ್ಪಿನಕಾಯಿಗೂ ಇದೇ ಪಾಡು. ಮಿಡಿ ಸಿಗುವುದು ವರ್ಷದಲ್ಲಿ ಕೆಲವೇ ವಾರ. ದುಡ್ಡು ಸುರಿಯುವುದು ಆಗ, ವಾಪಸು ಬರುವುದು ಹನ್ನೆರಡು ತಿಂಗಳು ಹನಿಹನಿಯಾಗಿ.

ಹುಡುಗಿಗೆ ಎರಡು ಕೆಲಸ ಹೇಳಿದೆ. ಚಾರ್ಮಾಡಿ ಘಾಟಿ ಇಳಿದರೆ ಉಜಿರೆಯಲ್ಲಿ 1982ರಲ್ಲೇ ಶುರುವಾದ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. ಧರ್ಮಸ್ಥಳದವರೂ ಬ್ಯಾಂಕಿನವರೂ ಸೇರಿ ಕಟ್ಟಿದ್ದು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಅದೇ ಮಾದರಿಯ ತರಬೇತಿ ಸಂಸ್ಥೆಗಳು ಈಗ ಜಿಲ್ಲೆ ಜಿಲ್ಲೆಯಲ್ಲೂ ಇವೆ. ಮನೆಯಲ್ಲಿ ಮಾಡಿ ಮಾರುವುದಕ್ಕೂ ಆಹಾರ ಸುರಕ್ಷತೆಯ ನೋಂದಣಿ ಬೇಕು, ಅದನ್ನು ಅಲ್ಲೇ ವಿಚಾರಿಸು ಅಂದೆ. ಎರಡನೆಯದು, ಒಂದು ನೂರು ಪುಟದ ನೋಟ್ ಬುಕ್ಕು. ಒಂದು ಭರಣಿ ಉಪ್ಪಿನಕಾಯಿಗೆ ಏನೇನು ಹೋಯಿತು, ಉಪ್ಪಿನಲ್ಲಿ ಮಿಡಿ ಬಾಡಿ ಎಷ್ಟಾಯಿತು, ಎಲ್ಲ ಬರೆದು ತಾ.

ಬರೆದು ತಂದಳು. ಆಹಾರ ಸುರಕ್ಷತೆಯ ನೋಂದಣಿಯೂ ಆಗಿತ್ತು. ಪುಟದ ಕೊನೆಯಲ್ಲಿ ‘ಅಮ್ಮನ ಕೂಲಿ’ ಅಂತ ಬರೆದು ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. “ಅಮ್ಮ ‘ನಂಗ್ಯಾಕೆ ಕೂಲಿ’ ಅಂತಾರೆ ಅಕ್ಕ.” ತೋಟದಲ್ಲಿ ದಿನಕ್ಕೆ ಎಷ್ಟು ಕೊಡುತ್ತಾರೋ ಅಷ್ಟನ್ನೇ ಹಾಕು ಅಂದೆ. ಹಾಕಿದಳು. ಒಂದು ಬಾಟಲಿಯ ಬೆಲೆ ಅವಳು ಅಂದುಕೊಂಡಿದ್ದಕ್ಕಿಂತ 35 ರೂಪಾಯಿ ಮೇಲೆ ಹೋಯಿತು. “ಇಷ್ಟಕ್ಕೆ ಯಾರು ತಗೋತಾರೆ?”

ನೋಡೋಣ ಇಡು ಅಂತ ನನ್ನ ಅಂಗಡಿಯ ಶೆಲ್ಫಿನಲ್ಲಿ ಹನ್ನೆರಡು ಬಾಟಲಿ ಇಡಿಸಿದೆ. ನಿನ್ನೆ ರಾತ್ರಿ ಬಾಗಿಲು ಹಾಕುವಾಗ ಐದು ಉಳಿದಿದ್ದವು.

ನಮಸ್ಕಾರ.